‘ರಿಕ್ವೆಸ್ಟ್’ ಆದಮೇಲೆ ‘ಫಾರ್’ ಬೇಕಾ, ಬೇಡ್ವಾ?

ಪ್ರಶ್ನೆ: ಕಾಲೇಜ್ ಆಫೀಸ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಪತ್ರ ವ್ಯವಹಾರ ಹೆಚ್ಚುಕಡಿಮೆ ಎಲ್ಲಾ ಕನ್ನಡದಲ್ಲೇ. ಬೇರೆ ರಾಜ್ಯದ ಯೂನಿವರ್ಸಿಟಿಗೆ ಬರೆಯುವಾಗ ಮಾತ್ರ ಇಂಗ್ಲಿಷ್ ಬೇಕಾಗುತ್ತೆ.

ಹೊರಗಿನಿಂದ ಬಂದು ಸೇರಿದ ವಿದ್ಯಾರ್ಥಿಗಳ ಮಾರ್ಕ್ಸ್ ಕಾರ್ಡ್ ವೆರಿಫಿಕೇಶನ್‌ಗೆ ಒಂದು ಪತ್ರ ಹೋಗಬೇಕಿತ್ತು. ಒಬ್ಬ ಲೆಕ್ಚರರ್ ಕೈಯಲ್ಲಿ ಬರೆದುಕೊಟ್ಟರು, ನಾನು ಟೈಪ್ ಮಾಡಿ ಸೂಪರಿಂಟೆಂಡೆಂಟ್ ಟೇಬಲ್ ಮೇಲಿಟ್ಟೆ. ಮೇಲೆ ವಿಷಯದ ಸಾಲಿನಲ್ಲಿ ‘ರಿಕ್ವೆಸ್ಟ್ ಫಾರ್ ವೆರಿಫಿಕೇಶನ್ ಆಫ್ ಮಾರ್ಕ್ಸ್ ಕಾರ್ಡ್ಸ್’ ಅಂತ ಇತ್ತು. ಕೆಳಗೆ ಪತ್ರದೊಳಗೆ ‘ವಿ ರಿಕ್ವೆಸ್ಟ್ ಫಾರ್ ವೆರಿಫಿಕೇಶನ್ ಆಫ್ ದಿ ಎನ್‌ಕ್ಲೋಸ್ಡ್ ಮಾರ್ಕ್ಸ್ ಕಾರ್ಡ್ಸ್’ ಅಂತ ಇತ್ತು. ಸೂಪರಿಂಟೆಂಡೆಂಟ್ ಕೆಳಗಿನ ‘ಫಾರ್’ ಒಂದನ್ನೇ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು. ಮೇಲಿನದನ್ನು ಮುಟ್ಟಲೇ ಇಲ್ಲ.

ಲೆಕ್ಚರರ್ ಒಪ್ಪುತ್ತಿಲ್ಲ. ‘ಎರಡೂ ಕಡೆ ಅದೇ ಪದ ತಾನೇ? ಇದ್ದರೆ ಎರಡೂ ಕಡೆ ಇರಬೇಕು, ತೆಗೆದರೆ ಎರಡೂ ಕಡೆ ತೆಗೀಬೇಕು’ ಅನ್ನುತ್ತಾರೆ. ಸೂಪರಿಂಟೆಂಡೆಂಟ್ ಅವರನ್ನು ಕೇಳಿದರೆ ‘ಅದು ಹಾಗೇನೇ’ ಅಂದರು, ಅಷ್ಟೇ. ಮುಂದಿನ ತಿಂಗಳಿನಿಂದ ಈ ಪತ್ರಗಳನ್ನು ನಾನೇ ಬರೆಯಬೇಕು. ಯಾರು ಸರಿ ಅನ್ನುವುದಕ್ಕಿಂತ ಯಾಕೆ ಸರಿ ಅಂತ ನನಗೆ ತಿಳೀಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ಅಕೌಂಟ್ಸ್ ವಿಭಾಗ, ಬೆಂಗಳೂರು

ನಿಮ್ಮ ಸೂಪರಿಂಟೆಂಡೆಂಟ್ ಸರಿ. ಮೇಲಿನ ಸಾಲಿನಲ್ಲಿ ಅದು ನಾಮಪದ, ಅಲ್ಲಿ ‘ಫಾರ್’ ಬೇಕು. ಕೆಳಗೆ ‘ವಿ’ ಆದಮೇಲೆ ಬಂದಿರುವುದು ಕ್ರಿಯಾಪದ, ಅಲ್ಲಿ ಬೇಡ. ‘ಡಿಸ್ಕಶನ್ ಅಬೌಟ್’ ಸರಿ, ‘ಡಿಸ್ಕಸ್ ಅಬೌಟ್’ ತಪ್ಪು ಅಂತಾರಲ್ಲ, ಇದೂ ಅದೇ ಲೆಕ್ಕ. ಪತ್ರ ಕಳಿಸಿಬಿಡಿ.

ಉತ್ತರ: ನಿವೃತ್ತ ಟೀಚರ್, ತಿಪಟೂರು

ಮೇಲಿನವರು ಹೇಳಿದ ರೂಲ್ ಸರಿಯಾಗಿದೆ. ಆದರೆ ನೀವು ಕೇಳಿದ್ದು ಯಾಕೆ ಅಂತ ಅಲ್ವಾ? ಅದು ಒಳ್ಳೆ ಪ್ರಶ್ನೆ ಕಣಮ್ಮ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಈ ‘ಫಾರ್’ ಅನ್ನು ಮಕ್ಕಳ ರಜಾ ಚೀಟಿಯಲ್ಲೂ ನೋಡಿದ್ದೇನೆ, ದೊಡ್ಡ ಆಫೀಸಿನ ಸುತ್ತೋಲೆಯಲ್ಲೂ ನೋಡಿದ್ದೇನೆ. ಓದಿಲ್ಲದವರು ಮಾಡುವ ತಪ್ಪು ಅಂತ ಯಾರೂ ತಿಳಿಯಬೇಡಿ. ಇದು ನಮ್ಮ ಕನ್ನಡದ ಒಳಗಿಂದಲೇ ಬರುತ್ತೆ.

ಇಂಗ್ಲಿಷ್ ಪದಗಳನ್ನು ನಾವು ಕನ್ನಡದಲ್ಲಿ ಹೇಗೆ ಬಳಸುತ್ತೇವೆ, ಸ್ವಲ್ಪ ಗಮನಿಸಿ. ಫೋನ್ ಮಾಡು, ಬುಕ್ ಮಾಡು, ಡ್ರಾಪ್ ಮಾಡು, ಕ್ಯಾನ್ಸಲ್ ಮಾಡು. ಕೆಲಸವೆಲ್ಲ ‘ಮಾಡು’ ಮಾಡುತ್ತೆ. ಇಂಗ್ಲಿಷ್ ಪದ ಅದರ ಪಕ್ಕದಲ್ಲಿ ನಾಮಪದದ ಹಾಗೆ ಸುಮ್ನೆ ಕೂತಿರುತ್ತೆ. ‘ಅಡ್ಜಸ್ಟ್’ ಅನ್ನುವುದು ಇಂಗ್ಲಿಷಿನಲ್ಲಿ ಬರೀ ಕ್ರಿಯಾಪದ, ನಾಮಪದ ಬೇಕೆಂದರೆ ‘ಅಡ್ಜಸ್ಟ್‌ಮೆಂಟ್’ ಅನ್ನಬೇಕು. ನಾವು ಅದನ್ನೂ ಬಿಡುವುದಿಲ್ಲ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ಅದಕ್ಕೂ ‘ಮಾಡು’ ಹಚ್ಚುತ್ತೇವೆ. ಹೀಗಾಗಿ ‘ರಿಕ್ವೆಸ್ಟ್’ ಕೂಡ ನಮ್ಮ ಬಾಯಲ್ಲಿ ಯಾವಾಗಲೂ ನಾಮಪದವೇ. ‘ರಜೆಗೆ ರಿಕ್ವೆಸ್ಟ್ ಮಾಡಿದ್ದೀನಿ’ ಅನ್ನುತ್ತೇವೆ. ಆ ‘ರಜೆಗೆ’ಯಲ್ಲಿರುವ ‘ಗೆ’ ಇಂಗ್ಲಿಷ್ ಬರೆಯಲು ಕೂತಾಗ ‘ಫಾರ್’ ಆಗಿ ಇಳಿಯುತ್ತೆ. ‘ಮಾಡು’ ಮಾತ್ರ ಇಂಗ್ಲಿಷಿಗೆ ಬರುವುದಿಲ್ಲ. ಉಳಿಯುವುದು ‘ಐ ರಿಕ್ವೆಸ್ಟ್ ಫಾರ್ ಲೀವ್’.

ನೀವು ‘ಮೇಕ್ ಎ ರಿಕ್ವೆಸ್ಟ್ ಫಾರ್ ಲೀವ್’ ಅಂತ ಬರೆದರೆ ಏನೂ ತಪ್ಪಿಲ್ಲ. ಅಲ್ಲಿ ಕ್ರಿಯಾಪದದ ಕೆಲಸವನ್ನು ‘ಮೇಕ್’ ಮಾಡುತ್ತಿದೆ, ‘ರಿಕ್ವೆಸ್ಟ್’ ನಾಮಪದವಾಗಿಯೇ ಉಳಿದಿದೆ, ಅದಕ್ಕೆ ಅದರ ‘ಫಾರ್’ ಸೇರುತ್ತೆ. ‘ರಿಕ್ವೆಸ್ಟ್’ ತಾನೇ ಕ್ರಿಯಾಪದವಾದಾಗ ಕೇಳುವ ವಸ್ತುವನ್ನು ನೇರವಾಗಿ ಹಿಡಿದುಕೊಳ್ಳುತ್ತೆ. ನಡುವೆ ಯಾರೂ ಬೇಡ. ‘ವಿ ರಿಕ್ವೆಸ್ಟ್ ವೆರಿಫಿಕೇಶನ್.’ ‘ಐ ರಿಕ್ವೆಸ್ಟ್ ಲೀವ್.’

ಇನ್ನೊಂದು ಕಾರಣವೂ ಇದೆ. ಇದೇ ಅರ್ಥದ ಬೇರೆ ಎರಡು ಕ್ರಿಯಾಪದಗಳಿಗೆ ‘ಫಾರ್’ ಬೇಕೇ ಬೇಕು. ‘ಆಸ್ಕ್ ಫಾರ್’, ‘ಅಪ್ಲೈ ಫಾರ್’. ಅವು ದಿನಾ ಕಿವಿಗೆ ಬೀಳುತ್ತವೆ. ಅವುಗಳ ‘ಫಾರ್’ ಇದಕ್ಕೂ ಅಂಟಿಕೊಳ್ಳುತ್ತೆ.

ಈಗ ನೆನಪಿಟ್ಟುಕೊಳ್ಳುವುದು ಹೇಗೆ? ‘ವಿನಂತಿ’ ಅಂತ ಯೋಚಿಸಬೇಡಿ, ‘ಕೋರು’ ಅಂತ ಯೋಚಿಸಿ. ನಿಮ್ಮ ಆಫೀಸಿನ ಕನ್ನಡ ಫೈಲ್ ಒಂದನ್ನು ತೆಗೆದು ನೋಡಿ. ‘ವಿಷಯ: ರಜೆ ಕೋರಿ’, ‘ಮಾಹಿತಿ ಕೋರಿ’, ‘ಅನುಮತಿ ಕೋರಿ’ ಅಂತಲೇ ಇರುತ್ತೆ. ‘ರಜೆಗಾಗಿ ಕೋರಿ’ ಅಂತ ಬರೆದರೆ ಕಿವಿಗೆ ಕಚ್ಚುತ್ತೆ ಅಲ್ವಾ? ‘ಕೋರು’ ಅನ್ನುವುದು ಕ್ರಿಯಾಪದ, ರಜೆಯನ್ನು ನೇರವಾಗಿ ಹಿಡಿದುಕೊಳ್ಳುತ್ತೆ. ಅದೇ ‘ಕೋರಿಕೆ’ ಅಂತ ನಾಮಪದ ಮಾಡಿದರೆ ‘ರಜೆಗಾಗಿ ಕೋರಿಕೆ’ ಅಂತ ಸಲೀಸಾಗಿ ಬರುತ್ತೆ. ಇಂಗ್ಲಿಷಿನ ‘ರಿಕ್ವೆಸ್ಟ್’ ನಡೆಯುವುದು ಥೇಟ್ ಹೀಗೇ. ವ್ಯತ್ಯಾಸ ಇಷ್ಟೇ. ಕನ್ನಡದಲ್ಲಿ ಪದದ ರೂಪವೇ ಬೇರೆಯಾಗಿ ನಮಗೆ ಸುಳಿವು ಕೊಡುತ್ತೆ. ಇಂಗ್ಲಿಷಿನಲ್ಲಿ ರೂಪ ಒಂದೇ, ಜಾಗ ನೋಡಿ ತಿಳೀಬೇಕು. ಹಿಂದೆ ‘ಎ’, ‘ದಿ’, ‘ಮೈ’, ‘ಯುವರ್’ ಇದ್ದರೆ ನಾಮಪದ. ‘ಐ’, ‘ವಿ’, ‘ಟು’, ‘ವಿಲ್’ ಇದ್ದರೆ ಕ್ರಿಯಾಪದ. ವಿಷಯದ ಸಾಲಿನಲ್ಲಿ ‘ಎ’ ಬಿಟ್ಟು ಬರೆಯುವುದು ರೂಢಿ. ಅಲ್ಲಿ ಮನಸ್ಸಿನಲ್ಲೇ ಒಂದು ‘ಎ’ ಸೇರಿಸಿ ಓದಿ.

ಕೆಲವು ಪದಗಳಲ್ಲಿ ಕಿವಿಯೂ ಸಹಾಯಕ್ಕೆ ಬರುತ್ತೆ. ‘ರೆಕಾರ್ಡ್’ ನಾಮಪದವಾದಾಗ ‘ರೆ’ ಮೇಲೆ ಒತ್ತು, ಕ್ರಿಯಾಪದವಾದಾಗ ‘ಕಾರ್ಡ್’ ಮೇಲೆ. ‘ಪರ್ಮಿಟ್’ ಕೂಡ ಹಾಗೇ. ‘ಅಡ್ವೈಸ್’ನಲ್ಲಿ ಕೊನೆಯ ಸದ್ದು, ಸ್ಪೆಲ್ಲಿಂಗ್ ಎರಡೂ ಬದಲಾಗುತ್ತವೆ. ‘ರಿಕ್ವೆಸ್ಟ್’ನಲ್ಲಿ ಒತ್ತೂ ಒಂದೇ, ಸ್ಪೆಲ್ಲಿಂಗೂ ಒಂದೇ. ಅದಕ್ಕೇ ಇದು ಇಷ್ಟು ಜನರನ್ನು ಗೊಂದಲಕ್ಕೆ ಹಾಕುತ್ತೆ.

ಇನ್ನು ನಿಮ್ಮ ಲೆಕ್ಚರರ್‌ಗೆ ತೋರಿಸಲು ಒಂದು ವಾಕ್ಯ ಕೊಡುತ್ತೇನೆ. ಮಾಹಿತಿ ಹಕ್ಕು ಕಾಯ್ದೆ, 2005. ಅದರ ಕಲಂ 6ರ ಎರಡನೇ ಉಪಕಲಂ. ಮಾಹಿತಿ ಕೇಳುವವರು ಯಾಕೆ ಕೇಳುತ್ತಿದ್ದೇನೆ ಅಂತ ಕಾರಣ ಕೊಡಬೇಕಾಗಿಲ್ಲ ಅನ್ನುತ್ತಲ್ಲ, ಅದೇ. ಇಂಗ್ಲಿಷಿನಲ್ಲಿ ಅದು ಶುರುವಾಗುವುದು ಹೀಗೆ: ‘ಆ್ಯನ್ ಅಪ್ಲಿಕಂಟ್ ಮೇಕಿಂಗ್ ರಿಕ್ವೆಸ್ಟ್ ಫಾರ್ ಇನ್ಫರ್ಮೇಶನ್ ಶಲ್ ನಾಟ್ ಬಿ ರಿಕ್ವೈರ್ಡ್ ಟು ಗಿವ್ ಎನಿ ರೀಸನ್ ಫಾರ್ ರಿಕ್ವೆಸ್ಟಿಂಗ್ ದಿ ಇನ್ಫರ್ಮೇಶನ್’. ನಿಧಾನವಾಗಿ ಓದಿ. ಮೊದಲು ‘ಮೇಕಿಂಗ್ ರಿಕ್ವೆಸ್ಟ್ ಫಾರ್ ಇನ್ಫರ್ಮೇಶನ್’. ಅಲ್ಲಿ ನಾಮಪದ, ‘ಫಾರ್’ ಇದೆ. ಆಮೇಲೆ ‘ರಿಕ್ವೆಸ್ಟಿಂಗ್ ದಿ ಇನ್ಫರ್ಮೇಶನ್’. ಇಲ್ಲಿ ಕ್ರಿಯಾಪದ, ಅದರ ಬೆನ್ನಿಗೆ ‘ಫಾರ್’ ಇಲ್ಲ. ‘ರಿಕ್ವೆಸ್ಟಿಂಗ್’ ಹಿಂದೆ ಒಂದು ‘ಫಾರ್’ ಕಾಣುತ್ತೆ, ಅದು ‘ರೀಸನ್’ಗೆ ಸೇರಿದ್ದು. ಒಂದೇ ವಾಕ್ಯದಲ್ಲಿ ಎರಡೂ ಬಳಕೆ ಪಕ್ಕಪಕ್ಕದಲ್ಲಿ ಸಿಗುವುದು ಅಪರೂಪ. ಕಾಲೇಜ್ ಆಫೀಸಿನಲ್ಲಿ ಈ ಕಾಯ್ದೆಯ ಪುಸ್ತಕ ಇದ್ದರೆ ಇವತ್ತೇ ತೆಗೆದು ನೋಡಿ.

ಉತ್ತರ: ಹುಬ್ಬಳ್ಳಿಯಿಂದ

ಟೀಚರ್ ಹೇಳಿದ್ದು ಒಪ್ಪಿದೆ. ಆದರೂ ಒಂದು ಮಾತು ಕೇಳ್ತೀನ್ರೀ. ನಮ್ಮ ಕಂಪನಿಯಲ್ಲಿ ದಿನಾ ಬರುವ ಇ-ಮೇಲ್‌ಗಳಲ್ಲಿ ಎಲ್ಲರೂ ‘ವಿ ರಿಕ್ವೆಸ್ಟ್ ಫಾರ್’ ಅಂತಲೇ ಬರೆಯುತ್ತಾರೆ. ಯಾರಿಗೂ ಅರ್ಥ ಆಗಿಲ್ಲ ಅಂತ ಇಲ್ಲ. ಇಂಗ್ಲಿಷ್ ಈಗ ನಮ್ಮದೂ ಹೌದಲ್ಲ? ನಾವು ಬಳಸುವ ರೀತಿ ಯಾಕೆ ತಪ್ಪಾಗಬೇಕು?

ಉತ್ತರ: ನಿವೃತ್ತ ಟೀಚರ್, ತಿಪಟೂರು

ಹುಬ್ಬಳ್ಳಿಯವರೇ, ಇಂಗ್ಲಿಷ್ ನಮ್ಮದೂ ಹೌದು ಅನ್ನುವ ನಿಮ್ಮ ಮಾತು ನನಗೆ ಪೂರ್ತಿ ಒಪ್ಪಿಗೆ. ‘ಪ್ರಿಪೋನ್’ ಪದ ನೋಡಿ. ‘ಪೋಸ್ಟ್‌ಪೋನ್’ ಇತ್ತು, ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ಅಷ್ಟು ಚಿಕ್ಕ ಪದ ಇರಲಿಲ್ಲ. ಭಾರತದಲ್ಲಿ ಜನ ಅದನ್ನು ಬಳಸಿ ಬಳಸಿ ಬೆಳೆಸಿದರು, ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಇದೆ. ಕ್ಲಾಸಿನಲ್ಲಿ ಆ ಪದವನ್ನು ನಾನು ಯಾವತ್ತೂ ಹೊಡೆದು ಹಾಕಲಿಲ್ಲ. ಅದು ಒಂದು ಕೊರತೆ ತುಂಬುತ್ತೆ. ‘ರಿಕ್ವೆಸ್ಟ್ ಫಾರ್’ನ ‘ಫಾರ್’ ಯಾವ ಕೊರತೆಯನ್ನೂ ತುಂಬುವುದಿಲ್ಲ. ತೆಗೆದರೆ ಅರ್ಥ ಒಂದು ಚೂರೂ ಕಡಿಮೆ ಆಗುವುದಿಲ್ಲ.

ಮಾತಿನಲ್ಲಿ ಬಂದರೆ ಯಾರನ್ನೂ ತಡೆದು ತಿದ್ದಬೇಡಿ. ನಾನೂ ತಿದ್ದುವುದಿಲ್ಲ. ಆದರೆ ಬ್ಯಾಂಕ್ ಕೆಲಸಕ್ಕೆ, ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯುವ ನಮ್ಮ ಹಳ್ಳಿ ಮಕ್ಕಳಿದ್ದಾರಲ್ಲ, ಅವರ ಪೇಪರಿನಲ್ಲಿ ‘ವಾಕ್ಯದ ಯಾವ ಭಾಗದಲ್ಲಿ ತಪ್ಪಿದೆ’ ಅಂತ ಕೇಳುವುದು ಇಂಥದ್ದನ್ನೇ. ಸುತ್ತ ನೋಡಿದ ಪತ್ರಗಳಲ್ಲೆಲ್ಲ ‘ಫಾರ್’ ಇದ್ದರೆ ಆ ಹುಡುಗನಿಗೆ ತಪ್ಪು ಕಾಣುವುದು ಹೇಗೆ? ಪಟ್ಟಣದ ಮಕ್ಕಳಿಗೆ ಹೇಳಿಕೊಡಲು ಇನ್ನೊಬ್ಬರು ಸಿಗುತ್ತಾರೆ. ಅವನಿಗೆ ನೋಟಿಸ್ ಬೋರ್ಡೇ ಮೇಷ್ಟ್ರು. ಅದಕ್ಕೇ ಲೆಟರ್‌ಹೆಡ್ ಮೇಲೆ ಬರೆಯುವವರು ಸರಿಯಾಗಿ ಬರೆಯಲಿ ಅಂತ ನಾನು ಇಷ್ಟು ಒತ್ತಿ ಹೇಳುವುದು.

ಉತ್ತರ: ಲ್ಯಾಬ್ ಟೆಕ್ನಿಷಿಯನ್, ಮಂಗಳೂರು

ಟೀಚರ್, ಓದುತ್ತಾ ನಮ್ಮ ಲ್ಯಾಬಿನ ‘ಟೆಸ್ಟ್ ರಿಕ್ವೆಸ್ಟ್ ಫಾರ್ಮ್’ ನೆನಪಾಯಿತು. ಅಲ್ಲಿ ‘ರಿಕ್ವೆಸ್ಟೆಡ್ ಬೈ’ ಅಂತ ಒಂದು ಕಾಲಮ್ ಇದೆ, ಡಾಕ್ಟರ್ ಹೆಸರು ಬರೆಯಲು. ನನ್ನ ಅನುಮಾನ ‘ಆರ್ಡರ್’ ಬಗ್ಗೆ. ‘ಡಾಕ್ಟರ್ ಆರ್ಡರ್ಡ್ ಫಾರ್ ಎ ಬ್ಲಡ್ ಟೆಸ್ಟ್’ ಅಂತ ನಮ್ಮಲ್ಲಿ ಬರೆಯುತ್ತಾರೆ. ಅಲ್ಲೂ ‘ಫಾರ್’ ಹೋಗಬೇಕಾ?

ಉತ್ತರ: ನಿವೃತ್ತ ಟೀಚರ್, ತಿಪಟೂರು

ಹೌದು, ಹೋಗಬೇಕು. ‘ದಿ ಡಾಕ್ಟರ್ ಆರ್ಡರ್ಡ್ ಎ ಬ್ಲಡ್ ಟೆಸ್ಟ್’ ಸರಿ, ‘ಆ್ಯನ್ ಆರ್ಡರ್ ಫಾರ್ ಎ ಬ್ಲಡ್ ಟೆಸ್ಟ್’ ಕೂಡ ಸರಿ. ‘ಡಿಮ್ಯಾಂಡ್’ ಹೀಗೇ. ಈರುಳ್ಳಿಗೆ ಬೇಡಿಕೆ ಇದೆ ಅನ್ನುವಾಗ ‘ಡಿಮ್ಯಾಂಡ್ ಫಾರ್ ಆನಿಯನ್ಸ್’, ಕಾರ್ಮಿಕರು ಬೋನಸ್ ಕೇಳಿದರು ಅನ್ನುವಾಗ ‘ದಿ ವರ್ಕರ್ಸ್ ಡಿಮ್ಯಾಂಡೆಡ್ ಎ ಬೋನಸ್’.

ಹಾಗಂತ ಎಲ್ಲ ಕ್ರಿಯಾಪದದಿಂದಲೂ ‘ಫಾರ್’ ಕಿತ್ತು ಹಾಕಬೇಡಿ. ‘ಸರ್ಚ್’ ನೋಡಿ. ಕಳೆದುಹೋದ ಕೀ ಹುಡುಕಿದರೆ ‘ಸರ್ಚ್ ಫಾರ್ ದಿ ಕೀ’. ಕೀ ಇರಬಹುದು ಅಂತ ಬ್ಯಾಗ್ ಒಳಗೆ ತಡಕಾಡಿದರೆ ‘ಸರ್ಚ್ ದಿ ಬ್ಯಾಗ್’. ಅಲ್ಲಿ ‘ಫಾರ್’ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಒಂದೊಂದು ಪದವನ್ನೂ ಅದರ ವಾಕ್ಯದ ಜೊತೆಗೇ ಕಲಿಯಬೇಕು.

ಪ್ರಶ್ನೆ ಕೇಳಿದವರು: ಕಾಲೇಜ್ ಆಫೀಸ್, ದಾವಣಗೆರೆ

ಮೇಡಂ, ತುಂಬ ತುಂಬ ಥ್ಯಾಂಕ್ಸ್. ‘ಕೋರಿ’ ಮತ್ತು ‘ಕೋರಿಕೆ’ ಅಂತ ಹೇಳಿದ ಕೂಡಲೇ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕಡೆ ಬಸ್ ರೂಟಿನಲ್ಲಿ ‘ಕೋರಿಕೆ ನಿಲುಗಡೆ’ ಅಂತಾರಲ್ಲ, ಅದನ್ನು ಇಂಗ್ಲಿಷಿನಲ್ಲಿ ‘ರಿಕ್ವೆಸ್ಟ್ ಸ್ಟಾಪ್’ ಅನ್ನುವುದೂ ಈಗ ಹೊಳೀತು.

ಇನ್ನೊಂದು ಕೇಳಲಾ? ಪತ್ರದ ಕೊನೆಗೆ ನಾನೇ ಒಂದು ಸಾಲು ಸೇರಿಸಬೇಕು, ಬೇಗ ಉತ್ತರ ಕೊಡಿ ಅಂತ. ‘ವಿ ಕೈಂಡ್ಲಿ ರಿಕ್ವೆಸ್ಟ್ ಯು ಟು ಸೆಂಡ್ ಎ ರಿಪ್ಲೈ ಅಟ್ ದಿ ಅರ್ಲಿಯೆಸ್ಟ್’ ಅಂತ ಯೋಚಿಸಿದ್ದೇನೆ. ‘ರಿಕ್ವೆಸ್ಟ್ ಯು ಫಾರ್ ಎ ರಿಪ್ಲೈ’ ಅನ್ನಬಹುದಾ?

ಉತ್ತರ: ನಿವೃತ್ತ ಟೀಚರ್, ತಿಪಟೂರು

‘ರಿಕ್ವೆಸ್ಟ್ ಯು ಫಾರ್’ ಬೇಡಮ್ಮ. ‘ಯು’ ಬಂದರೆ ಅದರ ಮುಂದೆ ‘ಟು’ ಬಂದು ಏನು ಮಾಡಬೇಕು ಅಂತ ಹೇಳಬೇಕು. ನೀವು ಮೊದಲು ಬರೆದ ‘ರಿಕ್ವೆಸ್ಟ್ ಯು ಟು ಸೆಂಡ್’ ಸರಿಯಾಗಿದೆ.

‘ಕೈಂಡ್ಲಿ’ ಮಾತ್ರ ಜಾಗ ಬದಲಿಸಿ. ‘ವಿ ಕೈಂಡ್ಲಿ ರಿಕ್ವೆಸ್ಟ್’ ಅಂದರೆ ದಯೆ ತೋರಿಸುತ್ತಿರುವವರು ನೀವೇ ಅಂತ ಆಗುತ್ತೆ. ದಯೆ ತೋರಿಸಬೇಕಾದವರು ಅವರು. ಕನ್ನಡದಲ್ಲೂ ‘ದಯವಿಟ್ಟು ಕಳಿಸಿಕೊಡಿ’ ಅನ್ನುತ್ತೇವೆ, ‘ದಯವಿಟ್ಟು ಕೋರುತ್ತೇವೆ’ ಅನ್ನುವುದಿಲ್ಲ. ‘ವಿ ರಿಕ್ವೆಸ್ಟ್ ಯು ಟು ಕೈಂಡ್ಲಿ ಸೆಂಡ್ ಎ ರಿಪ್ಲೈ’ ಅಂತ ಬರೆಯಿರಿ. ‘ಅಟ್ ದಿ ಅರ್ಲಿಯೆಸ್ಟ್’ ಬದಲು ಒಂದು ತಾರೀಕು ಹಾಕಿದರೆ ಇನ್ನೂ ಒಳ್ಳೆಯದು. ಅಡ್ಮಿಶನ್ ಮುಗಿಸುವ ದಿನ ನಿಮಗೆ ಗೊತ್ತಿರುತ್ತಲ್ಲ, ಅದಕ್ಕಿಂತ ಒಂದು ವಾರ ಮುಂಚಿನ ತಾರೀಕು ಹಾಕಿ ಸಹಿಗೆ ಕಳಿಸಿ.