ಮನೋವೈದ್ಯರ ಸಂಘ ವೈದ್ಯರಿಗೆ, ರೋಗಿಗಳಿಗೆ ಏನು ಮಾಡಬಲ್ಲದು? ಯಾದಗಿರಿಯಿಂದ ಮೂರು ಪ್ರಶ್ನೆ

ಹೊಸ ಕ್ಲಿನಿಕ್, ಯಾದಗಿರಿ:

ಎಲ್ಲರಿಗೂ ನಮಸ್ಕಾರ. ಎಂ.ಡಿ. ಮುಗಿಸಿ ಯಾದಗಿರಿಯಲ್ಲಿ ಮನೋರೋಗ ಕ್ಲಿನಿಕ್ ಶುರು ಮಾಡುವ ತಯಾರಿಯಲ್ಲಿದ್ದೇನೆ. ಭಾರತೀಯ ಮನೋವೈದ್ಯಕೀಯ ಸಂಘಕ್ಕೆ ಸೇರು ಅಂತ ಸೀನಿಯರ್‌ಗಳೆಲ್ಲ ಹೇಳುತ್ತಿದ್ದಾರೆ. ಸಮ್ಮೇಳನ, ಜರ್ನಲ್ ಬಿಟ್ಟು ಅದರಿಂದ ಇನ್ನೇನಾಗುತ್ತದೆ?

ನನ್ನ ಮುಂದಿರುವ ವಿಷಯ ಮೂರು. ಐದು ಹಾಸಿಗೆ ಹಾಕಿದರೆ ನೋಂದಣಿ ಹೇಗೆ? ಒಳರೋಗಿಯಾಗಿದ್ದವರೊಬ್ಬರ ವಿಮೆ ಕ್ಲೇಮನ್ನು ‘ಮಾನಸಿಕ ಕಾಯಿಲೆ’ ಎಂದು ತಿರಸ್ಕರಿಸಿದ್ದಾರೆ, ಏನು ಮಾಡಬೇಕು? ತಾಲೂಕು ಆಸ್ಪತ್ರೆಯಲ್ಲಿ ಲಿಥಿಯಂ (ಬೈಪೋಲಾರ್ ಕಾಯಿಲೆಯ ಔಷಧಿ) ಸಿಗುತ್ತಿಲ್ಲ, ಯಾರನ್ನು ಕೇಳಬೇಕು? ಇದರಲ್ಲಿ ಸಂಘ ಮಾಡುವುದೆಷ್ಟು, ನಾವೇ ಮಾಡಿಕೊಳ್ಳಬೇಕಾದದ್ದೆಷ್ಟು? ವೈದ್ಯರ ಸಂಘ ರೋಗಿಯ ಪರ ನಿಲ್ಲುತ್ತದೆಯೇ ಅನ್ನುವ ಅನುಮಾನವೂ ಇದೆ.

ತೊಗರಿ ಕಣಜ, ಕಲಬುರಗಿ:

ಸಂಘಕ್ಕೆ ಯಾವ ಅಧಿಕಾರ ಇಲ್ಲ ಅನ್ನುವುದು ಮೊದಲು ಗೊತ್ತಿರಲಿ. 1947ರಲ್ಲಿ ಹುಟ್ಟಿದ ಅದು ವೈದ್ಯರದೇ ಸಂಸ್ಥೆ, ಸರ್ಕಾರದ್ದಲ್ಲ. ವೈದ್ಯರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ, ರೋಗಿಯ ಹಕ್ಕಿನ ದೂರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ. ಸಂಘದ ಬಲ ಇರುವುದು ತಜ್ಞರ ಮಾತಿಗಿರುವ ತೂಕದಲ್ಲಿ.

ಆ ತೂಕದಿಂದ ಏನಾಗುತ್ತದೆ ಅನ್ನುವುದಕ್ಕೆ ‘ಐಡಿಯಾಸ್’ ಮಾಪಕ ನೋಡಿ. ಮಾನಸಿಕ ಕಾಯಿಲೆಯಿಂದ ಬರುವ ಅಂಗವೈಕಲ್ಯವನ್ನು ಅಳೆಯಲು ಸಂಘದ ಪುನರ್ವಸತಿ ಸಮಿತಿಯೇ ಇದನ್ನು ರೂಪಿಸಿತು, ಆಮೇಲೆ ಸರ್ಕಾರ ಒಪ್ಪಿಕೊಂಡಿತು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳುವಳಿಕೆ, ಕೆಲಸ ಎಂಬ ನಾಲ್ಕು ವಿಭಾಗಕ್ಕೆ 0ರಿಂದ 4 ಅಂಕ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೆ 1ರಿಂದ 4. ಒಟ್ಟು 20 ಅಂಕ. ಅದರ ಪ್ರಕಾರ ಅಂಗವೈಕಲ್ಯ ಶೇ 40ರ ಮಿತಿ ಮುಟ್ಟಿದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಅಂಕ ತಪ್ಪುವುದು ಹೆಚ್ಚಾಗಿ ‘ಕೆಲಸ’ದ ವಿಭಾಗದಲ್ಲಿ. ಮನೆಯವರು ‘ಹೊಲಕ್ಕೆ ಹೋಗ್ತಾನ್ರಿ’ ಅಂದರೆ ಸಾಕು, ಕೆಲಸ ಮಾಡುತ್ತಾನೆ ಅಂತ 0 ಬರೆದುಬಿಡುತ್ತಾರೆ. ಹೊಲಕ್ಕೆ ಹೋಗಿ ಬದುವಿನ ಮೇಲೆ ಸುಮ್ಮನೆ ಕೂತು ಬರುತ್ತಾನೋ, ಹೇಳದೆಯೇ ಸಾಲು ಮುಗಿಸುತ್ತಾನೋ ಅಂತ ಕೇಳಿಯೇ ಅಂಕ ಹಾಕಬೇಕು. ಕಾಯಿಲೆ ಶುರುವಾದ ವರ್ಷವನ್ನು ಹಳೆಯ ಚೀಟಿ ನೋಡಿ ಬರೆಯಿರಿ, ಅಂದಾಜು ಬೇಡ.

ನಿಮ್ಮ ನೋಂದಣಿ: ಹೊರರೋಗಿಗಳನ್ನು ಮಾತ್ರ ನೋಡುವುದಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆ.ಪಿ.ಎಂ.ಇ.) ನೋಂದಣಿ ಸಾಕು. ಮಾನಸಿಕ ರೋಗಿಗಳನ್ನು ದಾಖಲು ಮಾಡಿಕೊಳ್ಳುವ ಜಾಗ ಎಷ್ಟೇ ಸಣ್ಣದಿರಲಿ, ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ 2017ರ ಕಲಂ 65ರ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೂ ನೋಂದಾಯಿಸಬೇಕು. ಅರ್ಜಿ ಸರಿಯಿದ್ದರೆ 10 ದಿನದೊಳಗೆ ತಾತ್ಕಾಲಿಕ ನೋಂದಣಿ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಅದಕ್ಕೆ 12 ತಿಂಗಳ ಅವಧಿ. ತಡವಾದರೆ ಅರ್ಜಿ ಸ್ವೀಕೃತಿಯ ಪ್ರತಿಯ ಜೊತೆ ಸಂಘದ ಕರ್ನಾಟಕ ಶಾಖೆಗೆ ಬರೆಯಿರಿ. ಹೀಗೆ ನಾಲ್ಕಾರು ಜಿಲ್ಲೆಯ ಪ್ರತಿಗಳು ಕೂಡಿದರೆ ಪ್ರಾಧಿಕಾರದ ಮುಂದೆ ಇಡಲು ಗಟ್ಟಿ ಕಾಗದ ಸಿಗುತ್ತದೆ. ಬರೀ ಬಾಯಿಮಾತಿನ ದೂರಿನಿಂದ ಏನೂ ಆಗದು.

ನಿಮ್ಮ ಅನುಮಾನ ನ್ಯಾಯವಾದದ್ದು. ಸಾಮಾನ್ಯ ಆಸ್ಪತ್ರೆಗಳ ಮನೋರೋಗ ವಿಭಾಗವನ್ನು ಈ ನೋಂದಣಿಯಿಂದ ಹೊರಗಿಡಿ ಅಂತ ಸಂಘ ವಾದಿಸುತ್ತ ಬಂದಿದೆ. ಬೇರೆ ರೋಗಿಗಳ ಜೊತೆಗೇ ಚಿಕಿತ್ಸೆ ಸಿಕ್ಕರೆ ಕಳಂಕ ಕಡಿಮೆ ಅನ್ನುವುದು ನಿಜ. ಆದರೆ ಹೊರಗಿನ ಪರಿಶೀಲನೆ ಇಲ್ಲವಾದರೆ ಅದರಿಂದ ತೊಂದರೆಯಾಗುವುದು ರೋಗಿಗೇ. ನನ್ನ ಪ್ರಕಾರ ಇಂಥ ಮನವಿಗಳಲ್ಲಿ ವೈದ್ಯರ ಅನುಕೂಲ ಯಾವುದು, ರೋಗಿಯ ಅನುಕೂಲ ಯಾವುದು ಎಂದು ಬೇರೆ ಬೇರೆಯಾಗಿಯೇ ಬರೆಯಬೇಕು. ಹಾಗೆ ಬರೆದ ಮನವಿಯನ್ನು ಅಧಿಕಾರಿಗಳೂ ನಂಬುತ್ತಾರೆ.

ಮಾಂಜ್ರಾ ದಂಡೆ, ಬೀದರ್:

ವಿಮೆಯ ಬಗ್ಗೆ. ಅದೇ 2017ರ ಕಾಯ್ದೆಯ ಕಲಂ 21(4) ಹೇಳುವುದು ಇಷ್ಟು: ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಮಾನಸಿಕ ಕಾಯಿಲೆಗೂ ಅದೇ ಆಧಾರದ ಮೇಲೆ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಸಾಲದೆ 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ, ಆ ತಿಂಗಳ 31ರೊಳಗೆ ಎಲ್ಲ ಪಾಲಿಸಿಯಲ್ಲೂ ಇದು ಜಾರಿಯಾಗಬೇಕು ಎಂದಿತು.

ಆದ್ದರಿಂದ ‘ಮಾನಸಿಕ ಕಾಯಿಲೆ’ ಅನ್ನುವುದಷ್ಟೇ ತಿರಸ್ಕಾರಕ್ಕೆ ಕಾರಣವಾಗದು. ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆ ಪತ್ರ ಹಿಡಿದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಲಂ 21(4) ನಮೂದಿಸಿ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ದೂರು ಕೊಡಬೇಕಾದವರು ಪಾಲಿಸಿದಾರರು, ವೈದ್ಯರಲ್ಲ.

ವೈದ್ಯರ ಪಾಲು ಡಿಸ್ಚಾರ್ಜ್ ಸಮ್ಮರಿ. ನಿಜ ಹೇಳಬೇಕೆಂದರೆ ಅರ್ಧ ಕ್ಲೇಮು ಬೀಳುವುದು ಅಲ್ಲೇ. ‘ನಿಗಾಕ್ಕಾಗಿ ದಾಖಲು’ ಅಂತ ಬರೆದರೆ ಮುಗಿಯಿತು, ಬರೀ ನಿಗಾಕ್ಕೆ ಹಣ ಕೊಡುವುದಿಲ್ಲ ಅನ್ನುತ್ತಾರೆ. ಮನೆಯಲ್ಲೇ ಏಕೆ ಚಿಕಿತ್ಸೆ ಕೊಡಲು ಆಗಲಿಲ್ಲ ಅನ್ನುವುದು ಬರಬೇಕು: ಊಟ ನೀರು ಬಿಟ್ಟಿದ್ದು, ಆತ್ಮಹತ್ಯೆಯ ಅಪಾಯ, ಯಾವ ದಿನ ಯಾವ ಔಷಧಿ ಎಷ್ಟಕ್ಕೆ ಏರಿಸಿದಿರಿ, ರೋಗದ ಐ.ಸಿ.ಡಿ. (ಅಂತರರಾಷ್ಟ್ರೀಯ ರೋಗ ವರ್ಗೀಕರಣ) ಸಂಖ್ಯೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇದ್ದರೆ ಅದು ದೇಹದ ಕಾಯಿಲೆಗೂ ಇರುವುದೇ, ಅದನ್ನು ತಾರತಮ್ಯ ಅನ್ನಲಾಗದು.

ಇಂಥ ತಿರಸ್ಕಾರ ಪತ್ರಗಳನ್ನು ಸಂಘಕ್ಕೂ ಕಳಿಸಿ. ಒಂದೇ ಷರತ್ತನ್ನು ತೋರಿಸಿ ಹಲವರಿಗೆ ಇಲ್ಲ ಅಂದಿದ್ದಾರೆ ಅಂತ ತೋರಿಸುವುದು ಸಂಘದಿಂದ ಮಾತ್ರ ಆಗುವ ಕೆಲಸ. ಕಳಿಸುವ ಮೊದಲು ರೋಗಿಯ ಒಪ್ಪಿಗೆ ಪಡೆದು ಹೆಸರು ಅಳಿಸಿ. ನಮ್ಮ ಕಡೆ ಹೆಸರು ಅಳಿಸಿದರಷ್ಟೇ ಸಾಲದು. ಊರು, ವಯಸ್ಸು, ಕಸುಬು ಮೂರೂ ಇದ್ದರೆ ಯಾರೆಂದು ಇಡೀ ಹೋಬಳಿಗೆ ಗೊತ್ತಾಗುತ್ತದೆ.

ಭೀಮಾತೀರ:

ಲಿಥಿಯಂ ಮಾತು ನಾ ಹೇಳ್ತೀನ್ರಿ. ಕಲಂ 18ರಾಗ ಸ್ಪಷ್ಟ ಅದ: ಅಗತ್ಯ ಔಷಧಿ ಪಟ್ಟಿಯಾಗಿನ ಗುಳಿಗಿ ಸಮುದಾಯ ಆರೋಗ್ಯ ಕೇಂದ್ರದಿಂದ ಮ್ಯಾಲಿನ ಎಲ್ಲಾ ಸರ್ಕಾರಿ ದವಾಖಾನ್ಯಾಗ ಪುಕ್ಕಟೆ, ಯಾವಾಗಲೂ ಸಿಗಬೇಕು.

ಎಲ್ಲಿ ತಪ್ಪತದ ಅಂದ್ರ ಔಷಧಿ ಬೇಡಿಕಿ ಬರಿಯೋ ಇಂಡೆಂಟ್‌ನಾಗ. ಹೋದ ವರ್ಷ ಎಷ್ಟು ಖರ್ಚಾಗ್ಯಾದ ನೋಡಿ ಈ ವರ್ಷದ್ದು ಬರೀತಾರ. ಹೋದ ವರ್ಷ ಆರು ತಿಂಗಳು ಸ್ಟಾಕೇ ಇರಲಿಲ್ಲ ಅಂದ್ರ ಖರ್ಚು ಅರ್ಧ ಕಾಣಸ್ತದ, ಇಂಡೆಂಟೂ ಅರ್ಧ ಆಗ್ತದ. ಅದಕ್ಕ ಖರ್ಚಿನ ಲೆಕ್ಕ ಬ್ಯಾಡ್ರಿ, ರೋಗಿಗಳ ಲೆಕ್ಕ ಕೊಡ್ರಿ. ದಿನಕ್ಕ 300 ಮಿ.ಗ್ರಾಂ.ನ ಮೂರು ಗುಳಿಗಿ ತಗೊಳ್ಳೋರು 20 ಮಂದಿ ಇದ್ರ ತಿಂಗಳಿಗಿ 1,800 ಗುಳಿಗಿ ಬೇಕು. ಇದನ್ನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಕೈಲಿ ಸಹಿ ಮಾಡಿಸಿ ಜಿಲ್ಲಾ ಆರೋಗ್ಯ ಅಧಿಕಾರಿಗಳಿಗಿ ಕೊಡ್ರಿ. ಮಾಲು ಬರೋ ತನಕ ಆರೋಗ್ಯ ರಕ್ಷಾ ಸಮಿತಿ ರೊಕ್ಕದಾಗ ಸ್ಥಳೀಯವಾಗಿ ತರಿಸ್ರಿ ಅಂತ ಅದರಾಗೇ ಬರೀರಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಇದೇ ಹಾಡು ಇದ್ರ ರಾಜ್ಯ ಶಾಖೆ ಔಷಧಿ ಖರೀದಿ ಮಾಡೋ ನಿಗಮಕ್ಕ ಬರೀಬಹುದು.

ಇನ್ನೊಂದು ಮಾತು. ತಿಂಗಳುಗಟ್ಟಲೆ ಬಿಟ್ಟವರಿಗಿ ಸ್ಟಾಕ್ ಬಂತು ಅಂತ ಹಳೇ ಡೋಸೇ ಕೊಡಬ್ಯಾಡ್ರಿ. ಕಿಡ್ನಿ ಪರೀಕ್ಷಾ ಮಾಡಿಸಿ ಕಡಿಮಿಯಿಂದ ಏರಸ್ರಿ. ಲಿಥಿಯಂ ಮಟ್ಟ ನೋಡಲಿಕ್ಕ ಕಡೇ ಗುಳಿಗಿ ತಗೊಂಡು 12 ತಾಸಿಗಿ ರಕ್ತ ತಗೀರಿ. ನಮ್ಮ ಏಪ್ರಿಲ್–ಮೇ ಬಿಸಿಲಾಗ ಬೆವರು ಹೋಗಿ ಲಿಥಿಯಂ ಮಟ್ಟ ಏರ್ತದ, ಮೈಕೈ ನೋವಿಗಿ ಡೈಕ್ಲೋಫೆನಾಕ್ ನುಂಗಿದ್ರ ಇನ್ನಾ ಏರ್ತದ. ಕೈ ಜೋರು ನಡಗೋದು, ವಾಂತಿ ಭೇದಿ, ನಡಿಗಿ ತೂರಾಡೋದು ಕಂಡ್ರ ಗುಳಿಗಿ ನಿಲ್ಲಿಸಿ ತಕ್ಷಣ ಬರ್ರಿ ಅಂತ ಮನಿಯವರಿಗಿ ಹೇಳಿ ಕಳಸ್ರಿ.

ಹೊಸ ಕ್ಲಿನಿಕ್, ಯಾದಗಿರಿ:

ಎಲ್ಲರಿಗೂ ಧನ್ಯವಾದ. ಇನ್ನೊಂದು ಕೇಳಬೇಕು. ಗಾಣಗಾಪುರಕ್ಕೆ, ದರ್ಗಾಗಳಿಗೆ ಕರೆದುಕೊಂಡು ಹೋಗಿ ಆಮೇಲೆ ನಮ್ಮ ಹತ್ತಿರ ಬರುವವರು ಬಹಳ. ಕೆಲವರನ್ನು ಮನೆಯಲ್ಲೇ ಸರಪಳಿ ಹಾಕಿ ಇಟ್ಟಿರುತ್ತಾರೆ. ಇದರಲ್ಲಿ ಸಂಘ ಏನು ಮಾಡಬಹುದು?

ತೊಗರಿ ಕಣಜ, ಕಲಬುರಗಿ:

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಹತ್ತಿರ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಆಶ್ರಯಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಜನ ತಪ್ಪಿಸಿಕೊಳ್ಳಲಾಗದೆ ಸತ್ತರು. ಈಗ ಕಲಂ 95 ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಅನ್ನುತ್ತದೆ. ಮನೆಯಲ್ಲಿ ಕೂಡಿಹಾಕಿದ್ದು ಅಥವಾ ಹಿಂಸೆ ಕಂಡರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಆದರೆ ಪೊಲೀಸರಿಂದಲೇ ಶುರು ಮಾಡಿದರೆ ಮನೆಯವರು ರೋಗಿಯನ್ನು ಬಚ್ಚಿಡುತ್ತಾರೆ. ಮೊದಲು ಆಶಾ ಕಾರ್ಯಕರ್ತೆಯ ಜೊತೆ ಹೋಗಿ, ಔಷಧಿ ಶುರು ಮಾಡಿ, ರಾತ್ರಿ ನಿದ್ದೆ ಬರುವಂತೆ ಮಾಡಿ. ಅಷ್ಟಾದರೆ ಸರಪಳಿ ಬಿಚ್ಚಲು ಅವರೇ ಒಪ್ಪುವುದುಂಟು. ಒಪ್ಪದಿದ್ದರೆ ಸುಮ್ಮನಿರಬೇಡಿ, ದೂರು ಕೊಡಲೇಬೇಕು.

ಸಂಘದ ಪಾಲು ದೇವಸ್ಥಾನ, ದರ್ಗಾದ ಹಿರಿಯರ ಜೊತೆ ಕೂತು ಮಾತಾಡುವುದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ಹೆಸರಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರ ಚಿಕಿತ್ಸೆ ನಡೆಸಿದ್ದಾರೆ. ಹರಕೆ ಬಿಡಿ ಅನ್ನಬೇಕಾಗಿಲ್ಲ, ಗುಳಿಗೆ ಬಿಡಬೇಡಿ ಅಂತ ಅಲ್ಲಿನವರ ಬಾಯಿಂದಲೇ ಹೇಳಿಸಬೇಕು.

ಒಪ್ಪದ ರೋಗಿಯನ್ನು ದಾಖಲು ಮಾಡುವುದಾದರೆ ಕಲಂ 89 ನೋಡಿಕೊಳ್ಳಿ. ನಾಮನಿರ್ದೇಶಿತ ಪ್ರತಿನಿಧಿಯ (ಕಾಯ್ದೆ ಪ್ರಕಾರ ರೋಗಿಯ ಪರವಾಗಿ ನಿಲ್ಲುವವರ) ಅರ್ಜಿ ಬೇಕು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಒಬ್ಬರು ಮನೋವೈದ್ಯರಾಗಿರಬೇಕು. ಗರಿಷ್ಠ 30 ದಿನ. ಪರಿಶೀಲನಾ ಮಂಡಳಿಗೆ 7 ದಿನದೊಳಗೆ, ಹೆಣ್ಣುಮಕ್ಕಳಾದರೆ 3 ದಿನದೊಳಗೆ ತಿಳಿಸಬೇಕು. ಯಾದಗಿರಿ ಯಾವ ಮಂಡಳಿಗೆ ಸೇರುತ್ತದೆ ಅನ್ನುವುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ವಿಳಾಸವನ್ನು ರೋಗಿಗಳಿಗೆ ಕಾಣುವ ಹಾಗೆ ಗೋಡೆಗೆ ಅಂಟಿಸಿ. ಅದರ ಕೆಳಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೂಡ ಬರೆದಿಡಿ.