‘ಮೋಯೆದ್’: ಹಬ್ಬವೋ, ಜಾತ್ರೆಯೋ, ಗೊತ್ತಾದ ಹೊತ್ತೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಸಭೆಯ ಬೈಬಲ್ ತರಗತಿಗೆಂದು ಯಾಜಕಕಾಂಡದ 23ನೇ ಅಧ್ಯಾಯಕ್ಕೆ ಟಿಪ್ಪಣಿ ಬರೆಯುತ್ತಿದ್ದೇನೆ. ಯೆಹೂದ್ಯರ ಹಬ್ಬಗಳು ಸಾಲಾಗಿ ಬರುವ ಅಧ್ಯಾಯ ಅದು. ಅಲ್ಲಿನ ‘ಮೋಯೆದ್’ ಎಂಬ ಹೀಬ್ರೂ ಪದಕ್ಕೆ ಕನ್ನಡ ಸಿಗದೆ ವಾರದಿಂದ ಕೆಲಸ ನಿಂತಿದೆ.

ಹೀಬ್ರೂವಿನಲ್ಲಿ ‘ಹಗ್’ ಎಂಬ ಇನ್ನೊಂದು ಮಾತಿದೆ. ಹುಳಿಯಿಲ್ಲದ ರೊಟ್ಟಿ, ವಾರಗಳು, ಪರ್ಣಶಾಲೆಗಳು, ಈ ಮೂರು ಹಬ್ಬಗಳಿಗೆ ಗಂಡಸರೆಲ್ಲ ದೇವರ ಸನ್ನಿಧಿಗೆ ಹೋಗಬೇಕಿತ್ತು, ಅವು ಹಗ್, ಅಂದರೆ ಯಾತ್ರೆಯ ಹಬ್ಬ. ಅರಬಿಯ ‘ಹಜ್’ ಇದರ ಒಡಹುಟ್ಟು. ಹಳೆಯ ಕನ್ನಡ ಬೈಬಲಿನಲ್ಲಿ ಹಗ್ ಎಂಬುದು ‘ಜಾತ್ರೆ’ಯಾಗಿದೆ: ‘ಪರ್ಣಶಾಲೆಗಳ ಜಾತ್ರೆ’. ಚಿಕ್ಕಂದಿನಲ್ಲಿ ಓದುವಾಗ ತೇರು, ಬೆಂಡು-ಬತ್ತಾಸು ಕಣ್ಮುಂದೆ ಬರುತ್ತಿದ್ದವು. ‘ಯಾತ್ರೆ’ಯೇ ‘ಜಾತ್ರೆ’ಯಾದದ್ದಲ್ಲವೇ? ಎಂಥ ಸರಿಯಾದ ಮಾತು ಹಿಡಿದರು!

ಮೋಯೆದ್ ಹಾಗಲ್ಲ. ‘ಗೊತ್ತುಮಾಡು’ ಎಂಬರ್ಥದ ಧಾತುವಿನಿಂದ ಬಂದದ್ದು. ವಾರವಾರದ ವಿಶ್ರಾಂತಿಯ ದಿನವಾದ ಸಬ್ಬತ್ತೂ ಮೋಯೆದ್, ಉಪವಾಸವಿದ್ದು ಪಾಪಕ್ಷಮೆ ಬೇಡುವ ದೋಷಪರಿಹಾರಕ ದಿನವೂ ಮೋಯೆದ್. ಉಪವಾಸದ ದಿನವನ್ನು ಹಬ್ಬ ಎನ್ನಲು ನನಗೆ ನಾಲಿಗೆ ಏಳದು. ದೇವರು ಜನರನ್ನು ಸಂಧಿಸುತ್ತಿದ್ದ ‘ದೇವದರ್ಶನದ ಗುಡಾರ’ದ ‘ದರ್ಶನ’ಕ್ಕೂ ಮೂಲದಲ್ಲಿ ಇದೇ ಪದ. ಹಬಕ್ಕೂಕ 2:3ರಲ್ಲಿ ಪ್ರವಾದಿ ಕಂಡದ್ದು ನೆರವೇರಲು ಕಾದಿರುವ ಕಾಲವೂ ಇದೇ.

ಹಬ್ಬಗಳೇ ಪ್ರವಾದನೆ ಎನ್ನುವ ಕ್ರೈಸ್ತರು ಈ ಪದವನ್ನು ಎತ್ತಿ ತೋರಿಸುವುದು ಅದಕ್ಕೇ. ಪಸ್ಕ ಹಬ್ಬ ಯೇಸುವಿನ ಮರಣದಲ್ಲಿ, ಬೆಳೆಯ ಮೊದಲ ಸಿವುಡು ಅರ್ಪಿಸುವ ಪ್ರಥಮಫಲದ ದಿನ ಆತನ ಪುನರುತ್ಥಾನದಲ್ಲಿ, ಐವತ್ತನೆಯ ದಿನದ ವಾರಗಳ ಹಬ್ಬ ಪವಿತ್ರಾತ್ಮ ಇಳಿದುಬಂದುದರಲ್ಲಿ ನೆರವೇರಿತು. ತುತ್ತೂರಿಯ ದಿನದಿಂದ ಮುಂದಿನವು ಯೇಸುವಿನ ಎರಡನೆಯ ಬರೋಣಕ್ಕೆ ಉಳಿದಿವೆ ಎಂದು ಅವರ ಲೆಕ್ಕ. ಎಲ್ಲವೂ ಕ್ರಿಸ್ತನಲ್ಲೇ ಪೂರ್ತಿಯಾಯಿತು ಎನ್ನುವವರು ಹಬ್ಬಗಳನ್ನು ಮುಂಬರುವುದರ ನೆರಳು ಎನ್ನುವ ಕೊಲೊಸ್ಸೆ 2:17ರ ‘ಛಾಯೆ’ ಎಂಬ ಮಾತನ್ನು ಹಿಡಿಯುತ್ತಾರೆ. ಯೆಹೂದ್ಯರಿಗಾದರೋ ಪಸ್ಕವೆಂದರೆ ಐಗುಪ್ತದಿಂದ ಬಿಡುಗಡೆಯಾದ ನೆನಪು, ಇಂದಿಗೂ ಮನೆಮನೆಯಲ್ಲಿ ನಡೆಯುವ ಆಚರಣೆ. ಅದನ್ನು ಬರೀ ನೆರಳಾಗಿಸುವ ಪದ ನನಗೆ ಬೇಡ.

‘ಮುಹೂರ್ತ’ ಎಂದರೆ ಪಂಚಾಂಗ ನೆನಪಾಗುತ್ತದೆ, ‘ಗಡುವು’ ಎಂದರೆ ಸಾಲ. ‘ನೇಮಿತ ಕಾಲ’ ಪರವಾಗಿಲ್ಲ, ಆದರೆ ಇಬ್ಬರು ಕೂಡುವ ಅರ್ಥ ಅದರಲ್ಲಿಲ್ಲ. ಗುಡಾರದಲ್ಲಿ ದೇವರೂ ಜನರೂ ಕೂಡುವುದೇ ಮುಖ್ಯ. ಸದ್ಯಕ್ಕೆ ‘ಗೊತ್ತಾದ ಹೊತ್ತು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಇಂಥ ದಿನ ಇಂಥಲ್ಲಿ ಸೇರೋಣ ಎಂದು ಮೊದಲೇ ಮಾತಾದ ದಿನಕ್ಕೆ ನಿಮ್ಮ ಕಡೆ ಒಂದೇ ಮಾತಿದೆಯೇ? ದಯವಿಟ್ಟು ತಿಳಿಸಿ.