ಆಪ್‌ನಲ್ಲಿ ಸೀರಿಯಲ್ ಪುಕ್ಕಟೆ ತೋರಿಸಿದರೆ ಚಾನೆಲ್‌ಗೆ ದುಡ್ಡು ಎಲ್ಲಿಂದ ಬರುತ್ತೆ?

ಪ್ರಶ್ನೆ: ಗಂಜ್ ಬೇಳೆ ಅಂಗಡಿ, ಕಲಬುರಗಿ

ಎಲ್ಲರಿಗೂ ಶರಣು. ನೆಹರು ಗಂಜ್‌ನಲ್ಲಿ ನಮ್ಮದು ತೊಗರಿ ಬೇಳೆ ವ್ಯಾಪಾರ. ನಮ್ಮವರು ಖರೀದಿ ನೋಡುತ್ತಾರೆ, ಅಂಗಡಿ ಮತ್ತು ಲೆಕ್ಕ ನನ್ನದು. ಈ ವರ್ಷ ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ ಮಾಡಿ ನಮ್ಮದೇ ಹೆಸರಲ್ಲಿ ಮಾರಲು ಶುರು ಮಾಡಿದ್ದೇವೆ. ಮೊನ್ನೆ ಜಾಹೀರಾತು ಏಜೆನ್ಸಿಯ ಹುಡುಗನೊಬ್ಬ ಬಂದಿದ್ದ. ಸೀರಿಯಲ್ ನೋಡುವ ಆಪ್‌ನಲ್ಲಿ, ಕಲಬುರಗಿ ಜಿಲ್ಲೆಯವರಿಗೆ ಮಾತ್ರ ಕಾಣೋ ಹಾಗೆ ನಿಮ್ಮ ಜಾಹೀರಾತು ಹಾಕಿಸುತ್ತೇನೆ, 30,000 ರೂಪಾಯಿ ಆಗುತ್ತೆ ಅಂದ.

ನಮ್ಮ ಅತ್ತೆ ಸೀರಿಯಲ್ ಟಿವಿಯಲ್ಲೇ ನೋಡುತ್ತಾರೆ. ಮಗಳು ಅದೇ ಸಂಚಿಕೆಯನ್ನು ಮಾರನೇ ದಿನ ಫೋನ್‌ನಲ್ಲಿ ನೋಡುತ್ತಾಳೆ. ಕಥೆ ಒಂದೇ, ಮಧ್ಯೆ ಬರುವ ಜಾಹೀರಾತು ಮಾತ್ರ ಬೇರೆ. ಟಿವಿಗೆ ಟಿಆರ್‌ಪಿ ಇದೆ ಅಂತ ಗೊತ್ತು. ಆಪ್‌ನಲ್ಲಿ ಲೆಕ್ಕ ಇಡೋರು ಯಾರು? ಪುಕ್ಕಟೆ ತೋರಿಸಿ ಚಾನೆಲ್‌ನವರಿಗೆ ಏನು ಗಿಟ್ಟುತ್ತೆ? ನಾನು ದುಡ್ಡು ಕೊಟ್ಟರೆ ನನಗೆ ಸಿಗೋದಾದರೂ ಏನು? ತಿಳಿದವರು ಬಿಡಿಸಿ ಹೇಳಿ.

ಉತ್ತರ: ಬೀದರ್ ಕೋಟೆ ಓಣಿ

ಅಕ್ಕಾ, ಬೆಂಗಳೂರಿನಲ್ಲಿದ್ದಾಗ ನನ್ನ ಕೆಲಸವೇ ಇದು. ವಿಡಿಯೊ ಬ್ರೇಕ್‌ನಲ್ಲಿ ಯಾವ ಜಾಹೀರಾತು ಹೋಯಿತು, ಎಷ್ಟು ಸಲ ಹೋಯಿತು ಅಂತ ನೋಡಿ ಬಿಲ್ ಮಾಡಿಸುವುದು. ಈಗ ಬೀದರ್‌ಗೆ ಬಂದು ನೆಲೆಸಿದ್ದೇನೆ. ನಿಮ್ಮ ಪ್ರಶ್ನೆ ಬಹಳ ಸರಿಯಾಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಟಿವಿಯಲ್ಲಿ ಚಾನೆಲ್ ಮಾರುವುದು ಸಮಯವನ್ನು. 10 ಸೆಕೆಂಡಿಗೆ ಇಷ್ಟು ಅಂತ ದರ. ಆ ದರ ನಿಂತಿರುವುದು ಬಾರ್ಕ್, ಅಂದರೆ ಟಿವಿ ನೋಡುವವರ ಲೆಕ್ಕ ಇಡುವ ಸಂಸ್ಥೆ ಕೊಡುವ ಅಂದಾಜಿನ ಮೇಲೆ. ಇಡೀ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ಚಾನೆಲ್‌ನ ದನಿಯಲ್ಲಿ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತೆ. ಆ ಮನೆಗಳನ್ನು ನೋಡಿ ಉಳಿದವರನ್ನು ಅಂದಾಜು ಮಾಡುತ್ತಾರೆ. ಸ್ಯಾಟಲೈಟ್ ಚಾನೆಲ್‌ನಲ್ಲಿ ನಿಮ್ಮ ಬೇಳೆ ಜಾಹೀರಾತು ಹಾಕಿದರೆ ಮಂಗಳೂರಿನವರೂ ನೋಡುತ್ತಾರೆ. ನಿಮ್ಮ ಪ್ಯಾಕೆಟ್ ಅಲ್ಲಿ ಸಿಗುವುದೇ ಇಲ್ಲ, ದುಡ್ಡು ಮಾತ್ರ ಪೂರ್ತಿ ಕಟ್ಟಬೇಕು.

ಆಪ್‌ನಲ್ಲಿ ಸಮಯ ಮಾರುವುದಿಲ್ಲ. ತೋರಿಸಿದ ಒಂದೊಂದು ಸಲವನ್ನೂ ಮಾರುತ್ತಾರೆ. ನಿಮ್ಮ ಮಗಳು ನೋಡುತ್ತಾ ಬ್ರೇಕ್ ಜಾಗಕ್ಕೆ ಬಂದ ತಕ್ಷಣ ಆಪ್ ತನ್ನ ಜಾಹೀರಾತು ಸರ್ವರ್ ಅನ್ನು ಕೇಳುತ್ತೆ: ಕನ್ನಡ ಸೀರಿಯಲ್, ಕಲಬುರಗಿ, ಮೊಬೈಲ್, ಈಗ ಏನು ಹಾಕಲಿ? ಮೊದಲೇ ಮಾತಾಡಿಕೊಂಡ ಜಾಹೀರಾತು ಇದ್ದರೆ ಅದು ಹೋಗುತ್ತೆ. ಇಲ್ಲದಿದ್ದರೆ ಒಂದು ಸೆಕೆಂಡಿನೊಳಗೆ ಹರಾಜು ನಡೆದು, ಜಾಸ್ತಿ ಕೂಗಿದವರದ್ದು ಹೋಗುತ್ತೆ. ಗಂಜ್‌ನಲ್ಲಿ ಚೀಲ ಹರಾಜು ಆದಂತೆಯೇ, ಕೂಗುವುದು ಮಾತ್ರ ಕಂಪ್ಯೂಟರ್. ಆಪ್‌ನಲ್ಲಿ ಚಾನೆಲ್ ಲೈವ್ ನೋಡುವಾಗಲೂ ಹೀಗೇ ಮಾಡಬಹುದು. ಬ್ರೇಕ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅನ್ನುವ ಗುರುತು ಪ್ರಸಾರದೊಳಗೇ ಇರುತ್ತೆ. ಸರ್ವರ್ ಆ ಜಾಗದಲ್ಲಿ ಟಿವಿ ಜಾಹೀರಾತು ತೆಗೆದು ಬೇರೆಯದನ್ನು ಕೂರಿಸುತ್ತೆ.

ದರ ಹೇಳುವುದು ಸಾವಿರ ಸಲಕ್ಕೆ ಇಷ್ಟು ಅಂತ. ಅದಕ್ಕೆ ಸಿಪಿಎಂ ಅನ್ನುತ್ತಾರೆ. ಸುಮ್ನೆ ಲೆಕ್ಕಕ್ಕೆ ಸಿಪಿಎಂ 150 ರೂಪಾಯಿ ಅಂದುಕೊಳ್ಳಿ. ಒಂದು ಸಲ ತೋರಿಸಿದರೆ 15 ಪೈಸೆ. ಒಂದು ಸಂಚಿಕೆಯಲ್ಲಿ ಆರು ಜಾಹೀರಾತು ಹೋದರೆ ಆ ಒಬ್ಬ ವೀಕ್ಷಕರಿಂದ 90 ಪೈಸೆ. ಇಷ್ಟೇನಾ ಅನ್ನಬೇಡಿ, ಲಕ್ಷ ಜನ ನೋಡಿದರೆ 90,000 ರೂಪಾಯಿ. ಅದರಲ್ಲಿ ಹರಾಜು ನಡೆಸುವ ಕಂಪನಿಗೂ ಏಜೆನ್ಸಿಗೂ ಪಾಲು ಹೋಗುತ್ತೆ. ವಿಡಿಯೊ ಕಳಿಸುವ ಖರ್ಚು ಬೇರೆ. ಸ್ಯಾಟಲೈಟ್‌ನಲ್ಲಿ ಒಬ್ಬರು ನೋಡಿದರೂ ಕೋಟಿ ಜನ ನೋಡಿದರೂ ಕಳಿಸುವ ಖರ್ಚು ಒಂದೇ. ಆಪ್‌ನಲ್ಲಿ ನೋಡುವವರು ಹೆಚ್ಚಾದ ಹಾಗೆ ಖರ್ಚೂ ಏರುತ್ತೆ. ಅದಕ್ಕೇ ಚಂದಾ ಕೂಡ ಇಟ್ಟಿರುತ್ತಾರೆ. ಯೂಟ್ಯೂಬ್‌ಗೆ ಹಾಕಿದರೆ ಆ ಖರ್ಚು ಇಲ್ಲ, ಆದರೆ ಮಾಮೂಲಿ ಉದ್ದದ ವಿಡಿಯೊಗಳ ಜಾಹೀರಾತು ದುಡ್ಡಿನಲ್ಲಿ ನೂರಕ್ಕೆ 45 ಯೂಟ್ಯೂಬ್‌ಗೆ, 55 ಹಾಕಿದವರಿಗೆ.

ಈಗ ನಿಮಗೆ ಮುಖ್ಯವಾದ ಮಾತು. ಬ್ರೇಕ್‌ನಲ್ಲಿ ಅದೇ ಚಾನೆಲ್‌ನ ಇನ್ನೊಂದು ಸೀರಿಯಲ್ ಪ್ರೋಮೊ ಮತ್ತೆ ಮತ್ತೆ ಬರುತ್ತಲ್ವಾ? ಹೆಚ್ಚಾಗಿ ಆ ಜಾಗಕ್ಕೆ ಗಿರಾಕಿ ಸಿಕ್ಕಿಲ್ಲ ಅಂತ ಅರ್ಥ. ಬೀದರ್‌ನಲ್ಲಿ ಕೂತು ನಾನು ಇದನ್ನು ದಿನಾ ನೋಡುತ್ತೇನೆ, ನೋಡಿದಾಗಲೆಲ್ಲಾ ಹೊಟ್ಟೆ ಉರಿಯುತ್ತೆ. ನಮ್ಮ ಭಾಗದ ಜನ ಸೀರಿಯಲ್ ನೋಡೋದಕ್ಕೆ ಕಡಿಮೆ ಇಲ್ಲ. ಇಲ್ಲಿ ಬಟ್ಟೆ ಅಂಗಡಿ ಇದೆ, ಬೇಳೆ ಮಿಲ್ ಇದೆ, ಬಿದ್ರಿ ಕೆಲಸದವರಿದ್ದಾರೆ. ಆದರೆ ಈ ಜಾಗ ಕೊಳ್ಳಬಹುದು ಅಂತ ಅವರಿಗೆ ಯಾರೂ ಹೇಳಿಲ್ಲ. ಖಾಲಿ ಹೋದ ಜಾಗದಿಂದ ಚಾನೆಲ್‌ಗೂ ನಯಾಪೈಸೆ ಇಲ್ಲ. ನಿಮ್ಮಂಥ ಅಂಗಡಿಯವರು ಬಂದರೆ ಇಬ್ಬರಿಗೂ ಲಾಭ, ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಉತ್ತರ: ಯಾದಗಿರಿ ಕೇಬಲ್

ಬೀದರ್‌ನವರು ಹೇಳಿದ್ದು ಸರಿ ಇದೆ ರೀ, ಆದರೆ ಒಂದು ಎಚ್ಚರಿಕೆ. ಜಿಲ್ಲೆಯವರಿಗೆ ಮಾತ್ರ ಅನ್ನೋದನ್ನು ಕಣ್ಣು ಮುಚ್ಚಿ ನಂಬಬೇಡಿ. ಮೊಬೈಲ್ ನೆಟ್‌ನ ಐಪಿ, ಅಂದರೆ ನೆಟ್‌ನಲ್ಲಿ ಫೋನ್ ಗುರುತಿಸುವ ನಂಬರು, ಎಷ್ಟೋ ಸಲ ನಾವಿರುವ ಊರನ್ನು ತೋರಿಸೋದಿಲ್ಲ. ಗುರುಮಠಕಲ್‌ನಲ್ಲಿರೋ ನಮ್ಮ ಗಿರಾಕಿಗಳ ಫೋನ್‌ಗೆ ಹೈದರಾಬಾದ್ ಅಂಗಡಿಗಳ ತೆಲುಗು ಜಾಹೀರಾತು ಬರುತ್ತೆ. ಇನ್ನೊಂದು, ಸ್ಮಾರ್ಟ್ ಟಿವಿ ಮುಂದೆ ಮನೆಯವರೆಲ್ಲಾ ಕೂತು ನೋಡಿದರೂ ಲೆಕ್ಕಕ್ಕೆ ಅದು ಒಂದೇ ಸಲ. ಅದು ನಿಮಗೆ ಲಾಭವೇ, ಕೇಳಿ ತಿಳಿದುಕೊಳ್ಳಿ. ಅಂದ ಹಾಗೆ, ಊರಿನ ಕೇಬಲ್ ಚಾನೆಲ್‌ನ ದರವನ್ನೂ ಒಮ್ಮೆ ವಿಚಾರಿಸಿ ಅಕ್ಕಾ. ಅಲ್ಲಿ ತಲೆ ಎಣಿಸುವ ಲೆಕ್ಕ ಇಲ್ಲ, ನಿಜ. ಆದರೆ ನೋಡೋರೆಲ್ಲಾ ನಿಮ್ಮ ಊರಿನವರೇ.

ಮರುಪ್ರಶ್ನೆ: ಗಂಜ್ ಬೇಳೆ ಅಂಗಡಿ

ಇಬ್ಬರಿಗೂ ಬಹಳ ಧನ್ಯವಾದ. ಚಾನೆಲ್‌ನ ದುಡ್ಡಿನ ದಾರಿ ಈಗ ತಿಳಿಯಿತು. ನನ್ನ 30,000ಕ್ಕೆ ಏನು ಸಿಗಬೇಕು, ಏಜೆನ್ಸಿಯವರ ಹತ್ತಿರ ಏನೇನು ಕೇಳಬೇಕು ಹೇಳಿ. ಮತ್ತೆ ದೊಡ್ಡ ಕಂಪನಿಗಳು ನಿಜವಾಗಿಯೂ ಇದಕ್ಕೆ ದುಡ್ಡು ಹಾಕುತ್ತವಾ? ನಮ್ಮವರಿಗೆ ಇನ್ನೂ ನಂಬಿಕೆ ಬಂದಿಲ್ಲ.

ಉತ್ತರ: ಬೀದರ್ ಕೋಟೆ ಓಣಿ

ಅಣ್ಣನವರಿಗೆ ಐಪಿಎಲ್ ಲೆಕ್ಕ ಹೇಳಿ ಅಕ್ಕಾ. 2023ರಿಂದ 2027ರವರೆಗಿನ ಹಕ್ಕುಗಳ ಹರಾಜು 2022ರ ಜೂನ್‌ನಲ್ಲಿ ಆಯಿತು. ಭಾರತದಲ್ಲಿ ಟಿವಿ ಹಕ್ಕು ಹೋಗಿದ್ದು 23,575 ಕೋಟಿಗೆ. ಆನ್‌ಲೈನ್ ಹಕ್ಕು 23,758 ಕೋಟಿಗೆ, ಟಿವಿಗಿಂತ ಜಾಸ್ತಿ. ಅಷ್ಟು ಕೊಟ್ಟವರು 2023ರಲ್ಲಿ ಜಿಯೋಸಿನಿಮಾದಲ್ಲಿ ಪಂದ್ಯಗಳನ್ನು ಪುಕ್ಕಟೆ ತೋರಿಸಿದರು. ಪುಕ್ಕಟೆ ಅಂದರೆ ಜನ ಬರುತ್ತಾರೆ, ಜನ ಬಂದರೆ ಜಾಹೀರಾತು ಬರುತ್ತೆ. ಅಮೆರಿಕದಲ್ಲಿ ಇದು ಇನ್ನೂ ಹಳೆಯದು. ಎಬಿಸಿ ಚಾನೆಲ್ 2006ರಲ್ಲೇ ತನ್ನ ವೆಬ್‌ಸೈಟ್‌ನಲ್ಲಿ ಪೂರ್ತಿ ಸಂಚಿಕೆಗಳನ್ನು ಜಾಹೀರಾತಿನ ಜೊತೆ ಪುಕ್ಕಟೆ ಹಾಕಿತ್ತು.

ನಿಮ್ಮ ಲೆಕ್ಕಕ್ಕೆ ಬರೋಣ. ಸಿಪಿಎಂ 150 ಆದರೆ 30,000 ರೂಪಾಯಿಗೆ ಎರಡು ಲಕ್ಷ ಸಲ. ಒಬ್ಬರಿಗೆ ನಾಲ್ಕು ಸಲಕ್ಕಿಂತ ಹೆಚ್ಚು ತೋರಿಸಬೇಡಿ ಅಂತ ಮಿತಿ ಹಾಕಿಸಿ. ಆಗ ಕಡಿಮೆ ಅಂದರೂ 50 ಸಾವಿರ ಫೋನು, ಟಿವಿಗೆ ತಲುಪಬೇಕು. ಮಿತಿ ಹಾಕದಿದ್ದರೆ ಕೆಲವರಿಗೇ ಇಪ್ಪತ್ತು ಸಲ ತೋರಿಸಿ ಎರಡು ಲಕ್ಷ ಮುಗಿಸಿಬಿಡಬಹುದು. ನಿಜವಾದ ದರ ಏಜೆನ್ಸಿಯವರೇ ಹೇಳಲಿ, ಕಾಗದದ ಮೇಲೆ. 18 ಪರ್ಸೆಂಟ್ ಜಿಎಸ್‌ಟಿ ಒಳಗೋ ಹೊರಗೋ, ಅದನ್ನೂ ಬರೆಸಿಕೊಳ್ಳಿ.

ಮುಗಿದ ಮೇಲೆ ರಿಪೋರ್ಟ್ ಕೇಳಿ. ಎಷ್ಟು ಸಲ ತೋರಿಸಿದಿರಿ ಅನ್ನೋದಷ್ಟೇ ಸಾಲದು. ಜಾಹೀರಾತು ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಇಷ್ಟು ಹಂತದಲ್ಲಿ ಎಷ್ಟು ಜನ ಉಳಿದರು ಅಂತ ಸಿಸ್ಟಮ್ ಬರೆದಿಟ್ಟಿರುತ್ತೆ. ಪೂರ್ತಿ ನೋಡಿದವರ ಸಂಖ್ಯೆ ಬೇಕೇ ಬೇಕು ಅನ್ನಿ. ಊರಿನ ವಿಷಯಕ್ಕೆ ಯಾದಗಿರಿಯವರ ಮಾತು ಕೇಳಿ: ಬರೀ ಐಪಿ ನೋಡುತ್ತಾರೋ, ಬಳಕೆದಾರರು ಒಪ್ಪಿಕೊಟ್ಟ ಲೊಕೇಷನ್ ನೋಡುತ್ತಾರೋ ಕೇಳಿ. ಐಪಿ ಮಾತ್ರ ಅಂದರೆ ಮನೆ ಬ್ರಾಡ್‌ಬ್ಯಾಂಡ್ ಮತ್ತು ಸ್ಮಾರ್ಟ್ ಟಿವಿಗೆ ಹೆಚ್ಚು ಪಾಲು ಇಡಿಸಿ, ಅಲ್ಲಿ ಊರು ಮೊಬೈಲ್‌ಗಿಂತ ಸರಿಯಾಗಿ ಸಿಗುತ್ತೆ.

ಜಾಹೀರಾತು 10 ಸೆಕೆಂಡಿನದ್ದು ಸಾಕು. ಮೊದಲ ಮೂರು ಸೆಕೆಂಡಿನಲ್ಲೇ ಪ್ಯಾಕೆಟ್ ಕಾಣಲಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಆ ಗುರುತು ಬಳಸಲು ನೋಂದಣಿ ಬೇಕು, ಮಾಡಿಸಿದ್ದರೆ ಅದನ್ನು ದೊಡ್ಡದಾಗಿ ತೋರಿಸಿ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆಮೇಲೆ ಜಾಹೀರಾತು. ಕೋಟೇಷನ್ ಬಂದ ಮೇಲೆ ದರವನ್ನು ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.